ಮೂವತ್ತೇಳು ತೋಳು

ಐನ್ ಸ್ನೋಬರ್
೧೪ ಸೆಪ್ಟೆಂಬರ್ ೨೦೨೧

ಮಗಳೇ ಇಶ್ರಾಕ್,

ಫೋನು ಎತ್ತಬಾರದೆಂದು, ನನ್ನ ಸಂದೇಶವನ್ನೂ ನೋಡಬಾರದೆಂದು ನೀನು ಹಟ ಹಿಡಿದಿದ್ದರೆ, ಬರೆಯಬಾರದೆಂದು ನಾನೇನೂ ಹಟ ಹಿಡಿದಿಲ್ಲ. ಇದನ್ನು ಫರ್ಜಾನಿಯ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ಅವನ ಬಾಡಿಗೆ ವ್ಯಾನು ಈಗ ವಾರಕ್ಕೆ ಮೂರು ಸಲ ಮೊನಾಸ್ತಿರ್‌ಗೆ ಬರುತ್ತದೆ. ಹಾಸ್ಟೆಲ್ ಗೇಟಿನಲ್ಲಿ ಕೊಟ್ಟು ಬಾ ಎಂದಿದ್ದೇನೆ. ಜೊತೆಗೆ ಬಸೀಸಾ ಹುರಿಹಿಟ್ಟಿನ ಡಬ್ಬಿ ಇದೆ, ಎಣ್ಣೆ ಸಕ್ಕರೆ ಹಾಕಿ ಕಲಸಿಕೊಂಡು ತಿನ್ನು. ಫರ್ಜಾನಿ ಲಕೋಟೆ ಬಿಚ್ಚದೆ ಬಿಡುವ ಆಸಾಮಿಯಲ್ಲ ಎನ್ನುವುದು ಊರಿಗೇ ಗೊತ್ತು. ಫರ್ಜಾನಿ, ಇಲ್ಲಿಯವರೆಗೆ ಓದಿದ್ದೀಯಾದರೆ, ನಿನ್ನ ಕಣ್ಣಿನ ಔಷಧಿ ಬಂದಿದೆ, ಬಂದು ತೆಗೆದುಕೊಂಡು ಹೋಗು.

ಸುದ್ದಿ ಏನೆಂದರೆ, ನಮ್ಮ ಔಷಧಿ ಅಂಗಡಿಯಲ್ಲೇ ಕೊರೊನಾ ಲಸಿಕೆ ಹಾಕಲು ಅನುಮತಿ ಬಂದಿದೆ. ಎರಡು ದಿನ ತರಬೇತಿ ಕೊಟ್ಟರು. ಮೂವತ್ತು ವರ್ಷದಿಂದ ಊರಿನವರ ಸೊಂಟಕ್ಕೆಲ್ಲ ಸೂಜಿ ಚುಚ್ಚಿದವಳಿಗೆ ತೋಳು ಎಲ್ಲಿರುತ್ತದೆ ಎಂದು ಚಿತ್ರ ಬರೆದು ತೋರಿಸಿದರು. ಇರಲಿ. ಫೋನಿನಲ್ಲಿ ಹೆಸರು ಬರೆಸಬೇಕಿಲ್ಲ, ಸಂದೇಶಕ್ಕೆ ಕಾಯಬೇಕಿಲ್ಲ, ದೊಡ್ಡ ಕೇಂದ್ರಕ್ಕೆಂದು ನಲವತ್ತು ಕಿಲೋಮೀಟರ್ ಹೋಗಬೇಕಿಲ್ಲ. ಗುರುತಿನ ಚೀಟಿ ತಂದರೆ ಸಾಕು, ಒಂದೇ ಡೋಸು, ಕಾಸು ಕೇಳುವಂತಿಲ್ಲ. ಲಸಿಕೆಗೆಂದೇ ಒಂದು ಫ್ರಿಜ್ಜು ತಂದು ಮೂಲೆಯಲ್ಲಿ ಇಟ್ಟಿದ್ದೇನೆ. ಹೊಸದಲ್ಲ, ಮುಚ್ಚಿಹೋದ ಐಸ್‌ಕ್ರೀಮ್ ಅಂಗಡಿಯದ್ದು, ಆದರೆ ಚೆನ್ನಾಗಿ ತಣಿಸುತ್ತದೆ. ಬೆಳಿಗ್ಗೆ ಸಂಜೆ ಅದರ ಉಷ್ಣಾಂಶ ನೋಡಿ ಪುಸ್ತಕದಲ್ಲಿ ಬರೆಯಬೇಕು.

ಅಂಗಡಿ ಕೆಲಸದ ನಮ್ಮ ಖಮೈಸ್ ನಿನ್ನ ಹಳೇ ಹೂವಿನ ಹೊದಿಕೆ ಕಟ್ಟಿ ಪರದೆ ಮಾಡಿದ. ಕುರ್ಚಿ ಒರೆಸಿದ. ಮೊದಲ ದಿನ ಒಂದು ನರಪಿಳ್ಳೆಯೂ ಬರಲಿಲ್ಲ. ಎರಡನೆಯ ದಿನ ಬೇಕರಿ ತಿಜಾನಿ ಬಂದು, ಮೊಣಕೈವರೆಗೆ ಮೈದಾ ಮೆತ್ತಿಕೊಂಡೇ ಪರದೆ ಎತ್ತಿ ಇಣುಕಿದ.

"ಡಾಕ್ಟ್ರಮ್ಮ, ಇದೇನು, ಒಳಗೆ ಮದುವೆ ಹುಡುಗಿ ಕೂರಿಸಿದ್ದೀರಾ?"

"ನಿನಗೇ ಕಾಯ್ತಿದ್ದೆ. ತೋಳು ತೊಳ್ಕೊಂಡು ಬಾ."

"ಅಯ್ಯೋ, ಮೊದ್ಲು ಬೇರೆಯವ್ರು ಹಾಕಿಸ್ಕೊಂಡು ಬದುಕ್ಲಿ, ಆಮೇಲೆ ನಾನು. ಮೌಲಿದ್ ಹಬ್ಬದ ಆರ್ಡರ್ ಮುಗೀಲಿ, ಮಾರನೇ ದಿನ ಬರ್ತೀನಿ. ಆಣೆ."

ಮೂರನೆಯ ದಿನ ಬೆಟ್ಟದ ಮೇಲಿನಿಂದ ಒಬ್ಬ ಮುದುಕಿ ಕತ್ತೆಯ ಮೇಲೆ ಬಂದಳು. ಅವಳ ಬಳಿ ಫೋನೂ ಇಲ್ಲ, ಸಂದೇಶವೂ ಇಲ್ಲ. "ನನ್ನನ್ನ ಯಾರೂ ಕರೀಲೇ ಇಲ್ಲ ಕಣಮ್ಮ, ನಾನೇ ಬಂದೆ" ಎಂದಳು. ಅವಳದ್ದೇ ಮೊದಲ ತೋಳು.

ನಿನ್ನ ಅಜ್ಜಿ ಬರಲಿಲ್ಲ. ನಮ್ಮ ಅಂಗಡಿ ಬಂದ ತಕ್ಷಣ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಾರೆ. ಬಿಪಿ ಮಾತ್ರೆಗೂ ಬೇರೆಯವರನ್ನು ಕಳಿಸುತ್ತಾರೆ. ಜುಲೈಯಿಂದ ನನ್ನ ಜೊತೆ ಒಂದು ಮಾತಿಲ್ಲ. ಅತ್ತೆಯೂ ಮಗಳೂ ಮಾತಾಡಿಕೊಂಡೇ ಮಾತು ಬಿಟ್ಟಿದ್ದೀರೋ ಏನೋ.

ಉತ್ತರ ಬರೆ. ಬೈದಾದರೂ ಬರೆ.

ನಿನ್ನ ಅಮ್ಮ
ದಲೆಂದಾ


ಮೊನಾಸ್ತಿರ್
೨೩ ಸೆಪ್ಟೆಂಬರ್ ೨೦೨೧

ಅಮ್ಮ,

ಬೈದಾದರೂ ಬರೆ ಎಂದಿದ್ದೀಯ. ಬರೆಯುತ್ತಿದ್ದೇನೆ.

ಈಗ ಲಸಿಕೆ ನಮ್ಮ ಅಂಗಡಿಗೇ ಬಂದಿದೆ, ನಿನಗೆ ಸಂಭ್ರಮ. ನಾನು ಆ ಕಾಗದ ಓದಿ ಮೂಲೆಗೆ ಎಸೆದೆ. ಜುಲೈ ಒಂಬತ್ತಕ್ಕೆ ಅಪ್ಪನ ಫೋನಿಗೆ ಸಂದೇಶ ಬಂದಿತ್ತು, ಲಸಿಕೆಗೆ ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬನ್ನಿ ಎಂದು. ಖಮೈಸ್ ಚಿಕ್ಕಪ್ಪನಿಗೆ ಬೆನ್ನು ನೋವು, ಅವರು ರಜೆ ಹಾಕಿದ್ದರು. ನೀನು ಅಪ್ಪನನ್ನು ಹೋಗಲು ಬಿಡದೆ ಕೌಂಟರಿನಲ್ಲಿ ನಿಲ್ಲಿಸಿಕೊಂಡೆ. ಊರಿಗೆ ಊರೇ ಕೆಮ್ಮುತ್ತಾ ಬಂದು ಆ ಕೌಂಟರಿನ ಮುಂದೆ ನಿಂತಿದ್ದ ವಾರ ಅದು. ಅಪ್ಪ ಮೇಷ್ಟ್ರು. ಅವರಿಗೆ ಅಲ್ಲಿ ಏನು ಕೆಲಸ? ಇಪ್ಪತ್ತೇಳಕ್ಕೆ ತೀರಿಹೋದರು. ಆಮ್ಲಜನಕಕ್ಕೆಂದು ನಾವು ಮೂರು ಆಸ್ಪತ್ರೆ ಸುತ್ತಿದ್ದನ್ನು ನಾನು ಮತ್ತೆ ಬರೆಯುವುದಿಲ್ಲ.

ಒಂದೇ ಒಂದು ದಿನ ಅಂಗಡಿ ಮುಚ್ಚಿದ್ದರೆ ಏನಾಗುತ್ತಿತ್ತು ಎಂದು ಆವತ್ತು ಕೇಳಿದೆ. ನೀನು ಉತ್ತರ ಕೊಡಲಿಲ್ಲ. ಈ ಕಾಗದದಲ್ಲೂ ಕತ್ತೆ, ಪರದೆ, ಫರ್ಜಾನಿ ಎಲ್ಲ ಇದ್ದಾರೆ, ಅಪ್ಪ ಇಲ್ಲ.

ಚೆನ್ನಾಗಿದ್ದೇನೆ. ಪಾಠ ನಡೆಯುತ್ತಿದೆ. ಹುರಿಹಿಟ್ಟು ಇನ್ನು ಕಳಿಸಬೇಡ.

ಇಶ್ರಾಕ್


ಐನ್ ಸ್ನೋಬರ್
೫ ಅಕ್ಟೋಬರ್ ೨೦೨೧

ಮಗಳೇ,

ಬೈದೆ. ಒಳ್ಳೆಯದಾಯಿತು. ನೀನು ಕೇಳಿದ್ದಕ್ಕೆ ಉತ್ತರ ನನ್ನ ಬಳಿ ಇದ್ದಿದ್ದರೆ ಆವತ್ತೇ ಕೊಡುತ್ತಿದ್ದೆ.

ಇಲ್ಲಿಯ ವಿಷಯ ಬರೆಯುತ್ತೇನೆ, ಬೇಡವಾದರೆ ಬಿಡು. ದಿನಕ್ಕೆ ಹತ್ತು ಹನ್ನೆರಡು ಜನ ಬರುತ್ತಿದ್ದಾರೆ. ಸಂತೆಯ ದಿನ ಇಪ್ಪತ್ತು ದಾಟುತ್ತದೆ. ಕುರಿ ಮಾರಲು ಬಂದವರು ಕುರಿ ಹಿಡಿದುಕೊಂಡೇ ಸಾಲಿನಲ್ಲಿ ನಿಲ್ಲುತ್ತಾರೆ, ಖಮೈಸ್ ಹೊರಗೆ ಹಗ್ಗ ಹಿಡಿದು ಕಾಯುತ್ತಾನೆ. ಒಬ್ಬಳು ಹೇಳಿದಳು, "ಅಲ್ಲಿ ದೊಡ್ಡ ಕೇಂದ್ರದಲ್ಲಿ ನಂಬರ್ ಹಾಕಿ ಕರೀತಾರಂತೆ. ಇಲ್ಲಾದ್ರೆ ನೀವು ನನ್ನ ಸೊಸೆ ಬಗ್ಗೆ ಕೇಳ್ತೀರ, ನಾನು ಬೈಕೊಳ್ತಾ ಇರ್ತೀನಿ, ಸೂಜಿ ಹೋಗಿದ್ದೇ ಗೊತ್ತಾಗಲ್ಲ." ಅದೇ ಸೊಸೆ ಮಾರನೆಯ ದಿನ ಬಂದು ಅತ್ತೆಯ ಬಗ್ಗೆ ಬೈದುಕೊಂಡು ಹಾಕಿಸಿಕೊಂಡಳು. ಹೀಗೆ ಇಡೀ ಊರಿನ ಗುಟ್ಟು ನನ್ನ ಕಿವಿಯಲ್ಲಿ ಸೇರಿಕೊಂಡಿದೆ.

ಭಯ ಇರುವವರೂ ಬರುತ್ತಾರೆ. ಬಂದು ನನ್ನ ಮುಖ ನೋಡುತ್ತಾರೆ. "ಡಾಕ್ಟ್ರಮ್ಮ, ನೀವು ಹೇಳಿದ್ರೆ ಸರಿ" ಎಂದು ಕಣ್ಣು ಮುಚ್ಚುತ್ತಾರೆ. ನಾನು ಏನು ಹೇಳಿದ್ದೇನೆಂದು ಅವರು ಕೇಳುವುದೂ ಇಲ್ಲ.

ಇನ್ನು ನಿನ್ನ ಅಜ್ಜಿ ಒಬ್ಬರು ಬಂದರೆ ಸಾಕು ಎನಿಸಿದೆ. ಎಪ್ಪತ್ತೆಂಟು ವರ್ಷ, ಬಿಪಿ, ಸಕ್ಕರೆ, ಸಾಲದ್ದಕ್ಕೆ ಎದೆಯ ಗೊರಗೊರ. ಈ ಚಳಿಗಾಲ ರೋಗ ಮತ್ತೆ ಬಂದರೆ ಅವರು ತಡೆಯುವುದಿಲ್ಲ. ನಿಮ್ಮಪ್ಪನನ್ನು ಉಳಿಸಿಕೊಳ್ಳಲಿಲ್ಲ, ಅವರ ಅಮ್ಮನನ್ನಾದರೂ ಉಳಿಸಿಕೊಳ್ಳಬೇಕು. ನೋಡು, ಅಪ್ಪ ಇಲ್ಲ ಅಂದೆಯಲ್ಲ, ಈ ಕಾಗದದಲ್ಲಿ ಇದ್ದಾರೆ.

ಹಿಟ್ಟು ಕಳಿಸುತ್ತಿದ್ದೇನೆ. ತಿನ್ನದಿದ್ದರೆ ಜೊತೆಯ ಹುಡುಗಿಯರಿಗೆ ಕೊಡು.

ಅಮ್ಮ


ಐನ್ ಸ್ನೋಬರ್
೨೦ ಅಕ್ಟೋಬರ್ ೨೦೨೧

ಇಶ್ರಾಕ್, ಕೇಳು!

ಅಜ್ಜಿ ಬಂದರು. ನಿನ್ನೆ, ಮೌಲಿದ್‌ನ ಮಾರನೆಯ ದಿನ, ಅಂಗಡಿ ತೆರೆದು ಅರ್ಧ ಗಂಟೆಯೂ ಆಗಿರಲಿಲ್ಲ. ಸಾಲಿನಲ್ಲಿ ನಿಂತಿದ್ದವರೆಲ್ಲ ತಾವಾಗಿಯೇ ಪಕ್ಕಕ್ಕೆ ಸರಿದರು. ಬಂದವರೇ ಪರದೆಯೊಳಗೆ ಹೋಗಿ ಕುರ್ಚಿಯ ಮೇಲೆ ಕೂತು, ಬಿಳಿ ಹೊದಿಕೆ ಸರಿಸಿ, ತೋಳು ಬಿಚ್ಚಿದರು. ನನ್ನ ಮುಖ ನೋಡಲಿಲ್ಲ, ಗೋಡೆ ನೋಡುತ್ತಿದ್ದರು. ನಾನು "ಅತ್ತೆ" ಎಂದೆ. "ಮಾತು ಬೇಡ. ಸೂಜಿ ಹಾಕು" ಎಂದರು. ಹಾಕಿದೆ. ಹದಿನೈದು ನಿಮಿಷ ಕೂತಿರಬೇಕು ಎಂದೆ, ಕೂತರು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು, "ಹಬ್ಬಕ್ಕೆ ಅವನ ಗೋರಿ ಹತ್ರ ಸುಣ್ಣ ಬಳಿಸಿದ್ದು ನೀನಾ?" ಎಂದು ಕೇಳಿದರು. ಹೌದು ಎಂದೆ. ತಲೆಯಾಡಿಸಿ ಹೋದರು. ಈ ಬದಿಯಲ್ಲೇ ನಡೆದುಕೊಂಡು ಹೋದರು ಮಗಳೇ, ರಸ್ತೆ ದಾಟಲಿಲ್ಲ. ನಾನು ಪರದೆಯ ಹಿಂದೆ ಹೋಗಿ ಅತ್ತುಬಿಟ್ಟೆ.

ಅವರ ಹಿಂದೆಯೇ ತಿಜಾನಿ. ಆಣೆ ಇಟ್ಟಿದ್ದನಲ್ಲ. "ಮುದುಕಮ್ಮನೇ ಹಾಕಿಸ್ಕೊಂಡ ಮೇಲೆ ಈ ಗಂಡಸಿಗೆ ಏನು ಧಾಡಿ" ಎಂದು ಕೂತವನು ಸೂಜಿ ಕಂಡು ಹೆಂಡತಿ ಶೆದ್ಲಿಯಾಳ ಕೈ ಹಿಡಿದುಕೊಂಡ.

ಈ ವರ್ಷ ಸಾವಿನ ಮನೆ, ನಾನು ಹಬ್ಬದ ಸಿಹಿ ಅಸೀದಾ ಮಾಡುವಂತಿಲ್ಲ. ಅದಕ್ಕೇ ಊರಿನವರು ಒಬ್ಬರಾದ ಮೇಲೊಬ್ಬರು ತಂದು ತುಂಬಿದರು. ಪೈನ್ ಬೀಜದ ಕಪ್ಪು ಅಸೀದಾ, ಮೇಲೆ ಬಿಳಿ ಕೆನೆ, ಅದರ ಮೇಲೆ ಬಾದಾಮಿ, ಬೆಳ್ಳಿ ಬಣ್ಣದ ಸಕ್ಕರೆ ಮಣಿ. ಲಸಿಕೆ ಹಾಕಿದ್ದಕ್ಕೆ ಉಪಕಾರ ಬೇರೆ ಇತ್ತಲ್ಲ, ಇಪ್ಪತ್ತಾರು ಬೋಗುಣಿ! ಹಬ್ಬದ ದಿನ ನಾನು ಬೆಳಿಗ್ಗೆಯಿಂದ ಗೋರಿಯ ಹತ್ತಿರವೇ ಇದ್ದೆ, ಎಲ್ಲರೂ ಖಮೈಸ್‌ನ ಕೈಗೆ ಕೊಟ್ಟು ಹೋಗಿದ್ದಾರೆ. ಎಲ್ಲಿ ಇಟ್ಟನೋ, ಒಂದೂ ಹುಳಿಯಾಗಿಲ್ಲ.

ಜುಲೈ ಆದ ಮೇಲೆ ನಿನ್ನೆ ಮೊದಲ ಸಲ ಹೊಟ್ಟೆ ತುಂಬ ತಿಂದೆ.

ಅಮ್ಮ


ಐನ್ ಸ್ನೋಬರ್
೨೩ ಅಕ್ಟೋಬರ್ ೨೦೨೧

ಇಶ್ರಾಕ್,

ಈ ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಿಟ್ಟಿನ ಡಬ್ಬಿಯೊಳಗೆ ಹೂತಿಡುತ್ತಿದ್ದೇನೆ. ಲಕೋಟೆ ಮಾಡಿ ಕೊಟ್ಟರೆ ಫರ್ಜಾನಿಯ ಕಣ್ಣಿಗೆ ಬೀಳುತ್ತದೆ, ಅವನ ಕಣ್ಣಿಗೆ ಬಿದ್ದರೆ ನಾನು ಬಾಯಿ ಬಿಡುವ ಮೊದಲೇ ಊರಿಗೆಲ್ಲ ಬೀಳುತ್ತದೆ.

ನಿನ್ನೆ ಮಧ್ಯಾಹ್ನ ಲಸಿಕೆಯ ಸೀಸೆ ತೆಗೆಯಲು ಫ್ರಿಜ್ಜಿನ ತಟ್ಟೆ ಎಳೆದೆ. ತಟ್ಟೆಯ ಹಿಂದೆ ಒಂದು ಬೆಳ್ಳಿ ಸಕ್ಕರೆ ಮಣಿ ಅಂಟಿತ್ತು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಅಸೀದಾದ ಬೋಗುಣಿಗಳು ನೆನಪಾದವು. ಖಮೈಸ್‌ನನ್ನು ಕರೆದೆ.

"ಹಬ್ಬದ ದಿನ ಬೋಗುಣಿಗಳನ್ನ ಎಲ್ಲಿಟ್ಟಿದ್ದೆ?"

ಅವನು ಒರೆಸಿದ್ದ ಕೌಂಟರನ್ನೇ ಮತ್ತೆ ಒರೆಸಿದ.

"ಖಮೈಸ್, ಎಲ್ಲಿಟ್ಟಿದ್ದೆ?"

"ಬಿಸಿ ಬಿಸಿ ಇದ್ವು ಡಾಕ್ಟ್ರಮ್ಮ. ಜನ ಪ್ರೀತಿಯಿಂದ ಕೊಟ್ಟಿದ್ದು. ನಿಮ್ಮ ಲಮೀನ್ ಮೇಷ್ಟ್ರ ಹೆಸರಲ್ಲಿ ಕೊಟ್ಟಿದ್ದು, ಹಾಳಾಗಬಾರ್ದು ಅಂತ..."

ಲಸಿಕೆಯ ಫ್ರಿಜ್ಜಿನಲ್ಲಿ ತುಂಬಿದ್ದಾನೆ. ಬಿಸಿ ಬೋಗುಣಿ ಇಟ್ಟರೆ ಒಳಗೆಲ್ಲ ಬಿಸಿಯಾದೀತೆಂದು, ಪುಣ್ಯಾತ್ಮ, ಗುಂಡಿಯನ್ನು ತುದಿಯವರೆಗೂ ತಿರುಗಿಸಿದ್ದಾನೆ. ಸೀಸೆಗಳನ್ನು ಹಿಂದಿನ ಗೋಡೆಗೆ ಒತ್ತರಿಸಿದ್ದಾನೆ, ಐಸು ಕಟ್ಟುವ ಗೋಡೆಗೆ. ಮಾರನೆಯ ದಿನ ಬೆಳಗಾಗುವ ಮೊದಲೇ ಬಂದು, ಬೋಗುಣಿ ತೆಗೆದು, ಗುಂಡಿ ಹಿಂದಕ್ಕೆ ತಿರುಗಿಸಿ, ಒರೆಸಿ ಇಟ್ಟಿದ್ದಾನೆ. ನಾನು ಬೈಯುತ್ತೇನೆಂದು ಹೇಳಿಲ್ಲ. ನನ್ನ ಬಾಯಿಯ ಭಯಕ್ಕೆ ಹೇಳಿಲ್ಲ.

ಉಷ್ಣಮಾಪಕದ ಗುಂಡಿ ಒತ್ತಿ, ಹಿಂದಿನ ದಿನಗಳಲ್ಲಿ ಎಷ್ಟು ಕೆಳಗೆ ಇಳಿದಿತ್ತು ಎಂದು ನೋಡಿದೆ. ಸೊನ್ನೆಗಿಂತ ಆರು ಡಿಗ್ರಿ ಕೆಳಗೆ. ಸೀಸೆಗಳು ಹೆಪ್ಪುಗಟ್ಟಿ ಕರಗಿವೆ. ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆಯಬೇಕು ಎಂದು ತರಬೇತಿಯಲ್ಲಿ ಮೂರು ಸಲ ಹೇಳಿದ್ದರು.

ಖಮೈಸ್‌ನ ಮೇಲೆ ಎಲ್ಲ ಹಾಕಿ ಕೂರಲು ನನಗೆ ಆಗುತ್ತಿಲ್ಲ. ದಿನದ ಪುಸ್ತಕ ತೆರೆದು ನೋಡಿದರೆ, ಹಬ್ಬದ ದಿನದ ಸಂಜೆಗೂ ಮಾರನೆಯ ಬೆಳಿಗ್ಗೆಗೂ 'ಐದು ಡಿಗ್ರಿ' ಎಂದು ನನ್ನದೇ ಅಕ್ಷರದಲ್ಲಿ ಬರೆದಿದೆ. ಹಿಂದಿನ ದಿನವೇ ಬರೆದಿಟ್ಟು ಹೋಗಿದ್ದೆ. ರಜೆಯ ದಿನ ಯಾರು ಬಂದು ನೋಡುತ್ತಾರೆ, ಯಾವಾಗಲೂ ಐದೇ ಇರುತ್ತದಲ್ಲ ಎಂದು. ಬೆಳಿಗ್ಗೆ ಒಂದು ಸಲ ಗುಂಡಿ ಒತ್ತಿ ನೋಡಿದ್ದರೆ ಸಾಕಿತ್ತು.

ಆ ಸೀಸೆಗಳಿಂದ ಮೂವತ್ತೇಳು ಜನರಿಗೆ ಹಾಕಿದ್ದೇನೆ. ಮೂವತ್ತೇಳು ತೋಳು. ಮೊದಲ ತೋಳು ನಿನ್ನ ಅಜ್ಜಿಯದು, ಎರಡನೆಯದು ತಿಜಾನಿಯದು. ಕೆಡುಕೇನೂ ಆಗುವುದಿಲ್ಲ, ಒಳಿತೂ ಆಗುವುದಿಲ್ಲ. ಅವರೆಲ್ಲ ಮೈಗೆ ಕವಚ ತೊಟ್ಟವರಂತೆ ಓಡಾಡುತ್ತಿದ್ದಾರೆ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪುಸ್ತಕದಲ್ಲಿ ಐದು ಎಂದೇ ಇದೆ. ಹೇಳಿದರೆ ಅಂಗಡಿಯಲ್ಲಿ ಲಸಿಕೆ ನಿಲ್ಲಿಸುತ್ತಾರೆ, ಊರಿನವರು ಇನ್ನು ಯಾರ ಸೂಜಿಯನ್ನೂ ನಂಬುವುದಿಲ್ಲ, ಅಜ್ಜಿ ಸಾಯುವವರೆಗೂ ನನ್ನ ಮುಖ ನೋಡುವುದಿಲ್ಲ. ನನಗೆ ತಲೆ ಓಡುತ್ತಿಲ್ಲ. ನೀನು ಔಷಧಿಶಾಸ್ತ್ರವನ್ನೇ ಓದುತ್ತಿರುವವಳು. ಏನು ಮಾಡಲಿ, ಹೇಳು. ಸದ್ಯಕ್ಕೆ ಸರಕು ಬಂದಿಲ್ಲವೆಂದು ಸುಳ್ಳು ಹೇಳಿ ಲಸಿಕೆ ನಿಲ್ಲಿಸಿದ್ದೇನೆ. ನಿನ್ನ ಉತ್ತರ ಬರುವವರೆಗೆ ಬಾಯಿ ಬಿಡುವುದಿಲ್ಲ.

ಅಮ್ಮ


ಐನ್ ಸ್ನೋಬರ್
೨೮ ಅಕ್ಟೋಬರ್ ೨೦೨೧

ಇಶ್ರಾಕ್,

ಹಿಟ್ಟಿನ ಡಬ್ಬಿ ತೆರೆದೆಯಾ? ತೆರೆದು ತಿನ್ನು. ಇಟ್ಟುಕೊಂಡು ಕೂರಬೇಡ, ಕೆಟ್ಟುಹೋಗುತ್ತದೆ.

ಅಮ್ಮ


ಮೊನಾಸ್ತಿರ್
೩ ನವೆಂಬರ್ ೨೦೨೧

ಅಮ್ಮ,

ಡಬ್ಬಿಯೊಳಗಿನ ಕಾಗದ ಈಗ ತಾನೇ ಸಿಕ್ಕಿತು. ಹೇಳಿಬಿಡು ಎಂದು ನಿನ್ನ ಫೋನಿಗೆ ಆಗಲೇ ಸಂದೇಶ ಹಾಕಿದ್ದೇನೆ. ಕರೆ ಮಾಡಲಿಲ್ಲ. ನಿನ್ನ ದನಿ ಕೇಳಿದರೆ ಜಗಳಕ್ಕೆ ಬೀಳುತ್ತೇನೆ, ಆಗ ಈ ವಿಷಯ ಹಿಂದೆ ಉಳಿಯುತ್ತದೆ.

ಇವತ್ತೇ ಎಲ್ಲರಿಗೂ ಹೇಳು. ಮೊದಲು ಆರೋಗ್ಯ ಇಲಾಖೆಗೆ ತಿಳಿಸು, ಪುಸ್ತಕದಲ್ಲಿ ಮುಂಚೆಯೇ ಬರೆದದ್ದನ್ನೂ ಮುಚ್ಚಿಡಬೇಡ. ಮೂವತ್ತೇಳು ಜನರಿಗೂ ಮತ್ತೆ ಲಸಿಕೆ ಆಗಬೇಕು, ಹಿಂದಿನದ್ದು ಲೆಕ್ಕಕ್ಕಿಲ್ಲ. ಅದರಿಂದ ತೊಂದರೆ ಏನೂ ಇಲ್ಲವೆಂದು ನಮ್ಮ ಮೇಡಂ ಹತ್ತಿರ ಹೆಸರು ಹೇಳದೆ ಕೇಳಿಕೊಂಡೆ. ಅಲ್ಲಿಯವರೆಗೆ ಮಾಸ್ಕ್ ತೆಗೆಯಬಾರದು, ಗುಂಪಿಗೆ ಹೋಗಬಾರದು ಎಂದು ಒಬ್ಬೊಬ್ಬರಿಗೂ ಹೇಳು.

ಖಮೈಸ್ ಚಿಕ್ಕಪ್ಪನನ್ನು ಕೆಲಸದಿಂದ ತೆಗೆಯಬೇಡ.

ಇಶ್ರಾಕ್


ಐನ್ ಸ್ನೋಬರ್
೭ ನವೆಂಬರ್ ೨೦೨೧

ಮಗಳೇ,

ಹೇಳಿದೆ. ಸಂದೇಶ ನೋಡಿದ ಗಂಟೆಯೇ ಇಲಾಖೆಗೆ ಫೋನು ಮಾಡಿದೆ. ಮಾರನೆಯ ದಿನ ಇಬ್ಬರು ಬಂದು ಪುಸ್ತಕ ನೋಡಿದರು, ಫ್ರಿಜ್ಜಿಗೆ ಮೊಹರು ಹಾಕಿದರು, ಅಂಗಡಿಯಲ್ಲಿ ಲಸಿಕೆ ಬಂದ್ ಎಂದು ಬರೆದುಕೊಟ್ಟರು. ಅವರು ಮಾಡಿದ್ದು ಸರಿಯೇ. ಹೋಗುವಾಗ ಅದರಲ್ಲಿ ಚಿಕ್ಕವನು, "ಹೇಳದೆ ಇದ್ದಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ ಮೇಡಂ" ಎಂದ. ಹೊಗಳಿದನೋ ಬೈದನೋ ತಿಳಿಯಲಿಲ್ಲ. ಈಗ ನಮ್ಮೂರಿನವರು ಮತ್ತೆ ನಲವತ್ತು ಕಿಲೋಮೀಟರ್ ಹೋಗಬೇಕು.

ಆಮೇಲೆ ಮನೆ ಮನೆಗೆ ಹೋದೆ. ಒಬ್ಬ ಗಟ್ಟಿಯಾಗಿ ನಕ್ಕ, "ನಾನು ಹೇಳ್ಲಿಲ್ವಾ, ಎಲ್ಲಾ ನೀರು ಅಂತ" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಒಬ್ಬಳು ಅಳುವ ಮಗುವನ್ನು ಎತ್ತಿಕೊಂಡೇ ನನ್ನ ಮುಖದ ಮೇಲೆ ಬಾಗಿಲು ಹಾಕಿದಳು. ಆ ಕತ್ತೆಯ ಮುದುಕಿಯ ತಂಗಿಯೂ ಮೂವತ್ತೇಳರಲ್ಲಿ ಇದ್ದಳು. ಬೆಟ್ಟ ಹತ್ತಿ ಹೋಗಿ ಹೇಳಿದೆ. "ಪರವಾಗಿಲ್ಲ ಬಿಡಮ್ಮ, ನೀನು ಬಂದೆಯಲ್ಲ" ಎಂದು ಬಾರ್ಲಿ ರೊಟ್ಟಿ ಕೊಟ್ಟಳು. ಬೈದವರ ಮುಂದೆ ಬಾರದ ಅಳು ಅವಳ ಮುಂದೆ ಬಂತು.

ಅಜ್ಜಿಯ ಮನೆಗೆ ಕೊನೆಯಲ್ಲಿ ಹೋದೆ. ಮೊದಲು ಹೋಗಬೇಕಿತ್ತು, ಧೈರ್ಯ ಬರಲಿಲ್ಲ.

"ಅತ್ತೆ, ನಿಮಗೆ ಹಾಕಿದ ಲಸಿಕೆ ಕೆಟ್ಟು ಹೋಗಿತ್ತು."

"ಕೆಟ್ಟಿದ್ದು ಅಂದ್ರೆ? ವಿಷನಾ?"

"ವಿಷ ಅಲ್ಲ ಅತ್ತೆ. ನೀರು ಹಾಕಿಸ್ಕೊಂಡ ಹಾಗೆ."

ಹೊದಿಕೆ ಎಳೆದು ಆ ತೋಳು ಮುಚ್ಚಿಕೊಂಡರು. "ಮೂರು ತಿಂಗಳು ನನ್ನ ಜೊತೆ ನಾನೇ ಜಗಳ ಆಡಿ ನಿನ್ನ ಹೊಸ್ತಿಲು ತುಳಿದೆ" ಎಂದರು. "ನೀರು ಹಾಕಿಸ್ಕೊಳ್ಳೋಕೆ ನಿನ್ನ ಮುಂದೆ ತೋಳು ಬಿಚ್ಚಿದ್ನಾ ನಾನು?"

ನಾನು ತಪ್ಪಾಯಿತು ಎಂದೆ. ಅವರು ಎದ್ದು ಒಳಗೆ ಹೋದರು.

ಇನ್ನೊಂದು ವಿಷಯ ಇದೆ. ಬರೆಯಬಾರದು ಎಂದುಕೊಂಡಿದ್ದೆ, ಆದರೆ ಫರ್ಜಾನಿ ಹೇಳಿಯೇ ಹೇಳುತ್ತಾನೆ. ತಿಜಾನಿ ಆಸ್ಪತ್ರೆಯಲ್ಲಿದ್ದಾನೆ. ಅಕ್ಟೋಬರ್ ಇಪ್ಪತ್ತಾರಕ್ಕೆ ಅಣ್ಣನ ಮಗನ ಮದುವೆಗೆ ಹೋಗಿದ್ದನಂತೆ. ಶೆದ್ಲಿಯಾ ಮಾಸ್ಕ್ ಕೊಟ್ಟರೆ, "ಸೂಜಿ ಹಾಕಿಸ್ಕೊಂಡಿಲ್ವಾ" ಎಂದು ಜೇಬಿಗೆ ಹಾಕಿಕೊಂಡು ಕುಣಿದನಂತೆ. ಎರಡು ವಾರ ಹುಷಾರಾಗಿರು ಎಂದು ನಾನು ಸೂಜಿ ಹಾಕುವಾಗ ಹೇಳಿದ್ದೆ, ಯಾರು ಕೇಳುತ್ತಾರೆ. ಮೂವತ್ತೊಂದಕ್ಕೆ ಜ್ವರ ಬಂತು. ಈಗ ಆಮ್ಲಜನಕ ಹಾಕಿದ್ದಾರೆ. ಬೇಕರಿ ಮುಚ್ಚಿದೆ, ಊರಿನವರು ಪಕ್ಕದೂರಿನ ಬ್ರೆಡ್ಡು ತಿನ್ನುತ್ತಿದ್ದಾರೆ.

ಅವನಿಗಾಗಿ ಬೇಡಿಕೋ.

ಅಮ್ಮ


ಮೊನಾಸ್ತಿರ್
೧೫ ನವೆಂಬರ್ ೨೦೨೧

ಅಮ್ಮ,

ಗೇಟಿನ ಹತ್ತಿರ ಫರ್ಜಾನಿ ಹೇಳಿದ, ತಿಜಾನಿ ಮಾಮ ಮೊನ್ನೆ ಹೋದರೆಂದು. ಚಿಕ್ಕವಳಿದ್ದಾಗ ಅವರು ನನಗೆ ಹಿಟ್ಟಿನಲ್ಲಿ ಹಕ್ಕಿ ಮಾಡಿ ಸುಟ್ಟುಕೊಡುತ್ತಿದ್ದರು. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ನಿನಗೆ ಒಂದು ವಿಷಯ ಹೇಳಿಲ್ಲ. ನಿನ್ನ ಡಬ್ಬಿ ನನಗೆ ಸಿಕ್ಕಿದ್ದು ಅಕ್ಟೋಬರ್ ಇಪ್ಪತ್ತನಾಲ್ಕಕ್ಕೆ. ಬೇಡವೆಂದರೂ ಮತ್ತೆ ಕಳಿಸಿದ್ದಾಳೆಂದು ಸಿಟ್ಟಿನಿಂದ ಮಂಚದ ಕೆಳಗೆ ತಳ್ಳಿದೆ. ಇಪ್ಪತ್ತೆಂಟರ ಕಾಗದದಲ್ಲಿ ಡಬ್ಬಿ ತೆರೆ ಎಂದು ನೀನು ಬರೆದಿದ್ದೆ, ತಿನ್ನು ತಿನ್ನು ಎಂದು ಪೀಡಿಸುತ್ತಾಳೆ ಎಂದುಕೊಂಡೆ. ಮೂರನೆಯ ತಾರೀಕು ರೂಮಿನ ಹುಡುಗಿ ಹಸಿವಾಗಿ ತೆರೆದಳು. "ನಿಮ್ಮಮ್ಮ ಹಿಟ್ಟಿನಲ್ಲಿ ಕಾಗದ ಹೂತಿದ್ದಾರೆ" ಎಂದು ನಗುತ್ತಾ ಕೊಟ್ಟಳು.

ಹತ್ತು ದಿನ ಅಮ್ಮ. ನೀನು ನನ್ನ ಉತ್ತರಕ್ಕೆ ಕಾದೆ. ಇಪ್ಪತ್ತನಾಲ್ಕಕ್ಕೇ ತೆರೆದಿದ್ದರೆ ನೀನು ಇಪ್ಪತ್ತೈದಕ್ಕೆ ಹೇಳುತ್ತಿದ್ದೆ. ಇಪ್ಪತ್ತಾರಕ್ಕೆ ಅವರು ಮದುವೆಗೆ ಹೋಗುತ್ತಿರಲಿಲ್ಲ, ಹೋದರೂ ಮಾಸ್ಕ್ ತೆಗೆಯುತ್ತಿರಲಿಲ್ಲ. ಇದನ್ನೇ ಎಣಿಸುತ್ತಿದ್ದೇನೆ. ಒಂದು ದಿನಕ್ಕಾಗಿ ನಿನ್ನನ್ನು ನಾಲ್ಕು ತಿಂಗಳು ಬೈದೆ. ನನ್ನದು ಹತ್ತು ದಿನ.

ನನಗೆ ಭಯವಾಗುತ್ತಿದೆ. ಏನಾದರೂ ಹೇಳು.

ಇಶ್ರಾಕ್


ಐನ್ ಸ್ನೋಬರ್
೧೮ ನವೆಂಬರ್ ೨೦೨೧

ನನ್ನ ಕಂದ,

ತಪ್ಪು ನಿನ್ನದಲ್ಲ ಎಂದು ಬರೆಯಲು ಮೂರು ಸಲ ಕೂತೆ, ಮೂರು ಸಲವೂ ಹರಿದೆ. ಜುಲೈಯಿಂದ ಅರ್ಧ ಊರು ನನಗೆ ಅದನ್ನೇ ಹೇಳಿದೆ. ಒಂದು ಸಲವೂ ಒಳಗೆ ಇಳಿದಿಲ್ಲ. ನೀನು ಹೇಳಿದರೆ ಇಳಿದೀತು ಎಂದುಕೊಂಡು ನಿನ್ನ ಹಿಂದೆ ಬಿದ್ದಿದ್ದೆ. ಈಗ ಅನ್ನಿಸುತ್ತದೆ, ನೀನು ಹೇಳಿದ್ದರೂ ಇಳಿಯುತ್ತಿರಲಿಲ್ಲ.

ಆವತ್ತಿನದ್ದನ್ನು ಹೇಳಿಬಿಡುತ್ತೇನೆ. ನಿಮ್ಮಪ್ಪ ಬೂಟು ಹಾಕಿಕೊಂಡಾಗಿತ್ತು, ಗುರುತಿನ ಚೀಟಿ ಜೇಬಿನಲ್ಲಿತ್ತು. ಹೊರಗೆ ಸಾಲು ಬೆಳೆದಿತ್ತು, ನನಗೆ ಸಿಟ್ಟು ನೆತ್ತಿಗೇರಿತ್ತು. "ಒಂದು ದಿನ ತಡ ಆದ್ರೆ ಆಕಾಶ ಕಳಚಿ ಬೀಳುತ್ತಾ?" ಎಂದು ಕೇಳಿದೆ. ಅವರು ನಕ್ಕು, "ನಿನ್ನ ಬಾಯಿಗೆ ಹೆದರಿ ಆಕಾಶವೇ ನಿಂತಿದೆ" ಎಂದು ಬೂಟು ಬಿಚ್ಚಿದರು. ನೀನು ಕೇಳಿದ್ದಕ್ಕೆ ಉತ್ತರ ಅದು. ಬೇರೇನೂ ಇರಲಿಲ್ಲ, ಬರೀ ನನ್ನ ಸಿಟ್ಟು.

ಈ ಸಲ ತಡ ಮಾಡಿದವಳೂ ನಾನೇ. ಕೆಟ್ಟ ಸೂಜಿ ಹಾಕಿದವಳಿಗೆ, ಹೋಗಿ ಹೇಳಲು ಮಗಳ ಅಪ್ಪಣೆ ಯಾಕೆ ಬೇಕಿತ್ತು? ಏನು ಮಾಡಬೇಕೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ಬೇಡ ಸುಮ್ಮನಿರು ಎಂದು ನೀನು ಹೇಳಬಹುದೇನೋ ಎಂಬ ದುರಾಸೆಯಿಂದ ಕಾದೆ. ಆ ಹತ್ತು ದಿನದಲ್ಲಿ ನಿನ್ನ ಪಾಲೇನೂ ಇಲ್ಲ ಎಂದರೆ ನೀನು ನಂಬುವುದಿಲ್ಲ, ಅಪ್ಪನ ಮಗಳು. ಆದರೆ ದೊಡ್ಡ ಪಾಲು ನನ್ನದು, ಅದನ್ನು ನನ್ನ ಕೈಯಿಂದ ಕಿತ್ತುಕೊಳ್ಳಬೇಡ.

ನಿನ್ನೆ ಶೆದ್ಲಿಯಾ ಅಂಗಡಿಗೆ ಬಂದಳು. ಕೌಂಟರಿನ ಆಚೆ ನಿಂತು, ಅಳದೆ, ಸಮಾಧಾನವಾಗಿ ಕೇಳಿದಳು.

"ಸೂಜಿ ಸರಿ ಇದ್ದಿದ್ರೆ ಇವ್ರು ಉಳೀತಿದ್ರಾ ಡಾಕ್ಟ್ರಮ್ಮ?"

ಒಂದು ವಾರದಲ್ಲಿ ಯಾವ ಲಸಿಕೆಯೂ ಪೂರ್ತಿ ಕೆಲಸ ಮಾಡುವುದಿಲ್ಲ ಎಂದು ಹೇಳಬಹುದಿತ್ತು. ಸುಳ್ಳೇನೂ ಅಲ್ಲ. ನಾಲಿಗೆಯ ತುದಿಗೆ ಬಂದಿತ್ತು.

"ಗೊತ್ತಿಲ್ಲ" ಎಂದೆ.

"ನೀವು ಮುಂಚೆನೇ ಹೇಳಿದ್ದಿದ್ರೆ?"

"ಗೊತ್ತಿಲ್ಲ ಶೆದ್ಲಿಯಾ."

"ಹಾಗಾದ್ರೆ ನಾನು ಈ ಗೊತ್ತಿಲ್ಲ ಅನ್ನೋದನ್ನೇ ಇಟ್ಕೊಂಡು ಬದುಕ್ಬೇಕಾ?"

"ಹೂಂ. ನಾನೂ ಜುಲೈಯಿಂದ ಅದನ್ನೇ ಇಟ್ಕೊಂಡಿದ್ದೀನಿ."

ಅವಳು ನನ್ನನ್ನು ನೋಡುತ್ತಾ ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು. ನಿದ್ದೆ ಬರುತ್ತಿಲ್ಲ, ಏನಾದರೂ ಕೊಡಿ ಎಂದಳು. ಕೊಟ್ಟೆ. ಎಷ್ಟು ತೆಗೆದುಕೊಳ್ಳಬೇಕು ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅವಳು ಚೀಟಿಯನ್ನು ಹಿಂದಕ್ಕೆ ತಳ್ಳಿ, "ನೀವು ಒಂದೊಂದೇ ಕೊಡಿ, ನಾನು ದಿನಾ ಬರ್ತೀನಿ. ಮನೇಲಿ ಇಟ್ಕೊಳ್ಳಲ್ಲ" ಎಂದಳು. ಇವತ್ತೂ ಬಂದಿದ್ದಳು. ಈಗ ಆ ಗೊತ್ತಿಲ್ಲ ಎನ್ನುವುದು ಹೊರುವವರು ನಾವು ಮೂವರು ಆದೆವು ಮಗಳೇ, ಅವಳು, ನಾನು, ನೀನು. ನಿನಗೆ ಇಪ್ಪತ್ತೆರಡು ವರ್ಷ. ಇದನ್ನು ನಿನ್ನ ಹೆಗಲಿಗೆ ಹಾಕಬಾರದಿತ್ತು. ಅದೊಂದಕ್ಕೆ ನನ್ನನ್ನು ಎಷ್ಟು ಬೈದರೂ ಸಾಲದು.

ಫರ್ಜಾನಿ ಎರಡು ದಿನ ಬಾಡಿಗೆ ಕೇಳದೆ ಊರಿನವರನ್ನು ದೊಡ್ಡ ಕೇಂದ್ರಕ್ಕೆ ಕರೆದುಕೊಂಡು ಹೋದ. ಇಪ್ಪತ್ತೈದು ಜನ ಮತ್ತೆ ಹಾಕಿಸಿಕೊಂಡರು. ಅಜ್ಜಿಯೂ ಬಂದರು. ಮುಂದಿನ ಸೀಟಿನಲ್ಲಿ ಕೂತಿದ್ದರು, ದಾರಿಯುದ್ದಕ್ಕೂ ಹಿಂದೆ ತಿರುಗಲಿಲ್ಲ. ಇಳಿಯುವಾಗ ಕೈ ಕೊಡಲು ಹೋದೆ, ಖಮೈಸ್‌ನ ಕೈ ಹಿಡಿದು ಇಳಿದರು. ಇರಲಿ, ಲಸಿಕೆ ಒಳಗೆ ಹೋಯಿತಲ್ಲ.

ಇನ್ನು ಹನ್ನೊಂದು ಜನ ಉಳಿದಿದ್ದಾರೆ. ಚಳಿ ಶುರುವಾಗಿದೆ, ಕೆಮ್ಮು ಮತ್ತೆ ಕೇಳಿಸುತ್ತಿದೆ. ನಾನು ಬಾಗಿಲು ಬಡಿದರೆ ಅವರು ತೆಗೆಯುವುದಿಲ್ಲ, ಕಿಟಕಿಯಲ್ಲಿ ನೋಡಿ ಒಳಗೆ ಹೋಗುತ್ತಾರೆ. ನೀನು ಬಡಿದರೆ ತೆಗೆಯುತ್ತಾರೆ. ಶನಿವಾರ ಫರ್ಜಾನಿಯ ವ್ಯಾನಿನಲ್ಲಿ ಬಾ. ಅಳಲು ಆಮೇಲೆ ಸಮಯ ಇದೆ. ಬಾಗಿಲು ಬಡಿಯುವುದು ನಿನ್ನ ಕೆಲಸ, ಬೈಸಿಕೊಳ್ಳುವುದು ನನ್ನದು. ಹನ್ನೊಂದು ಮನೆ, ಒಂದೇ ದಿನದಲ್ಲಿ ಮುಗಿಸೋಣ.

ಅಮ್ಮ